ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಕಾಣುವ ಕೊಡಗು

(ಮಡಿಕೇರಿಯಲ್ಲಿ ಪೋಷಕರು, ಶಿಕ್ಷಕರು ಮತ್ತು ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನನಗೆ ಒಪ್ಪಿಸಿದ ವಿಷಯ ಒಂದು ಪ್ರಶ್ನೆಯ ರೂಪದಲ್ಲಿತ್ತು: ನಮ್ಮ ಜಿಲ್ಲೆಯ ಅಂಗನವಾಡಿಗಳಲ್ಲಿ ಮಕ್ಕಳು ನಿಜವಾಗಿ ಏನಾದರೂ ಕಲಿಯುತ್ತಿದ್ದಾರೆಯೇ? ಕೇಳಿದವರ ಮನಸ್ಸಿನಲ್ಲಿ ಇದರ ಬೆನ್ನಿಗೆ ಇನ್ನೊಂದು ಪ್ರಶ್ನೆಯೂ ಇತ್ತೆಂದು ನಾನು ಬಲ್ಲೆ. ಪೇಟೆಯ ಎಲ್‌ಕೆಜಿಗೆ ಹೋಗುವ ಮಗು ಇಂಗ್ಲಿಷ್ ಪದ್ಯ ಒಪ್ಪಿಸುವಾಗ ನಮ್ಮ ಅಂಗನವಾಡಿಯ ಮಗು ಏಕೆ ಬೆರಳು ಕಚ್ಚಿಕೊಂಡು ನಿಂತಿರುತ್ತದೆ ಎಂಬುದು ಆ ಪ್ರಶ್ನೆ. ಹಲವು ವರ್ಷ ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ತೋಟದ ದಾರಿ, ಹಾಡಿಯ (ಆದಿವಾಸಿಗಳ ವಸತಿಯ) ದಾರಿ ತುಳಿದವಳಾದ ನಾನು ಎರಡಕ್ಕೂ ನೇರವಾದ ಉತ್ತರ ಕೊಡುವ ಮೊದಲು ತಮ್ಮ ಗಮನವನ್ನು ಹಾಜರಿ ಪುಸ್ತಕದ ಕಡೆಗೆ ಸೆಳೆಯಬೇಕಾಗಿದೆ. ಯಾವ ಮಗು, ಎಷ್ಟು ದಿನ, ಯಾವ ಮಾತಿನಲ್ಲಿ ಕಲಿಯಿತು ಎಂಬುದು ಗೊತ್ತಿಲ್ಲದೆ ಕಲಿಕೆಯನ್ನು ಅಳೆಯಲು ಹೊರಟರೆ ನಾವು ಅಳೆಯುವುದು ಅಂಗನವಾಡಿಯನ್ನಲ್ಲ, ಆ ಮಗುವಿನ ಅಪ್ಪ ಅಮ್ಮನ ಬದುಕನ್ನು.

ಮೊದಲು ಜನಸಂಖ್ಯೆಯ ಮಾತು. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561 ಇತ್ತು. 2011ರಲ್ಲಿ ಅದು 5,54,519. ಹತ್ತು ವರ್ಷಗಳಲ್ಲಿ ಹೆಚ್ಚಿದವರು ಆರು ಸಾವಿರಕ್ಕೂ ಕಡಿಮೆ, ಅಂದರೆ ನೂರಕ್ಕೆ 1.09. ಅದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ 15.6ರಷ್ಟು ಬೆಳೆದಿತ್ತು. ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ ನಮ್ಮದು. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 319 ಮಂದಿ ಇದ್ದರೆ ಇಲ್ಲಿ 135. ಈ ಅಂಕಿಗಳನ್ನು ನೋಡಿದವರು ಕೊಡಗು ನಿಂತ ನೀರು ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಒಟ್ಟು ಸಂಖ್ಯೆ ನಿಂತಲ್ಲೇ ನಿಂತಿರುವುದು ಹೋಗುವವರೂ ಬರುವವರೂ ಹೆಚ್ಚುಕಡಿಮೆ ಸಮವಾಗಿರುವುದರಿಂದಲೂ ಆಗಬಹುದು. ಐನ್‌ಮನೆಯ, ಅಂದರೆ ಕೊಡವರ ಮೂಲ ಮನೆತನದ ಮನೆಯ, ಮಕ್ಕಳು ಓದಿ ಬೆಂಗಳೂರು, ಮೈಸೂರು, ಇನ್ನೂ ದೂರದ ಊರುಗಳಿಗೆ ಹೋಗಿ ನೆಲೆಸಿ, ಊರಿನಲ್ಲಿ ಅಜ್ಜ ಅಜ್ಜಿ ಮಾತ್ರ ಉಳಿದಿರುವ ಮನೆಗಳನ್ನು ತಾವೆಲ್ಲ ಕಂಡಿದ್ದೀರಿ. ಆ ಮನೆಯ ತೋಟದ ಲೈನ್ ಮನೆಗಳಲ್ಲಿ (ಕೆಲಸದವರ ಸಾಲುಮನೆಗಳಲ್ಲಿ) ಅಸ್ಸಾಂ, ಪಶ್ಚಿಮ ಬಂಗಾಳಗಳಿಂದ ಬಂದ ಕುಟುಂಬಗಳು ಪುಟ್ಟ ಮಕ್ಕಳೊಂದಿಗೆ ಇರುವುದನ್ನೂ ಕಂಡಿದ್ದೀರಿ. ತಲೆಗಳ ಲೆಕ್ಕದಲ್ಲಿ ಇವೆರಡೂ ಒಂದನ್ನೊಂದು ಸರಿದೂಗಿಸುತ್ತವೆ. ಅಂಗನವಾಡಿಯ ಚಾಪೆಯ ಮೇಲೆ ಸರಿದೂಗುವುದಿಲ್ಲ, ಏಕೆಂದರೆ ಊರು ಬಿಟ್ಟವರ ಮೂರು ವರ್ಷದ ಮಗು ಅಲ್ಲಿರುವುದಿಲ್ಲ, ಬಂದವರ ಮಗು ಅಲ್ಲಿರುತ್ತದೆ, ಅಥವಾ ಇರಬೇಕಾಗಿತ್ತು.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. 2011ರ ಗಣತಿಯ ತಲೆ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಅದು ಕೊಡಗಿನಲ್ಲಿ ರೊಬಸ್ಟಾ ಕಾಫಿಯ ಕುಯ್ಲು ಭರದಿಂದ ಸಾಗುವ ಕಾಲ. ನಮ್ಮ ಜಿಲ್ಲೆಯ ಅಧಿಕೃತ ಚಿತ್ರ ತೆಗೆದದ್ದು ತೋಟಗಳು ತುಂಬಿದ್ದ ತಿಂಗಳಲ್ಲಿ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಹತ್ತಾರು ವರ್ಷ ಹಳೆಯದಾದ, ಅದೂ ವರ್ಷದ ಒಂದೇ ತಿಂಗಳಿನದಾದ ಲೆಕ್ಕವೇ ಯೋಜನೆಗಳಿಗೆ ಆಧಾರ. ಈ ಮಾತನ್ನು ದೂರಾಗಿ ಹೇಳುತ್ತಿಲ್ಲ. ಅಂಗನವಾಡಿ ಎಲ್ಲಿರಬೇಕು ಎಂಬ ತೀರ್ಮಾನ ಜನಸಂಖ್ಯೆಯ ಮೇಲೆ ನಿಂತಿರುವುದರಿಂದ ಹೇಳುತ್ತಿದ್ದೇನೆ. ಬಯಲು ಸೀಮೆಯಲ್ಲಿ 400ರಿಂದ 800 ಜನಕ್ಕೆ ಒಂದು ಕೇಂದ್ರವಾದರೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 300ರಿಂದ 800ಕ್ಕೆ ಒಂದು, 150ರಿಂದ 300 ಜನವಿದ್ದರೆ ಮಿನಿ ಅಂಗನವಾಡಿ. ಇದಲ್ಲದೆ, ಆರು ವರ್ಷದೊಳಗಿನ 40 ಮಕ್ಕಳಿರುವ ಯಾವುದೇ ವಸತಿ ಪ್ರದೇಶದವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ಆದೇಶಿಸಿದೆ. ಕೇಳುವವರಿಗೆ ಮಾತ್ರ ಸಿಗುವ ಹಕ್ಕು ಅದು. ಐದು ತಿಂಗಳಿಗೊಮ್ಮೆ ಲೈನ್ ಬದಲಿಸುವ ಕುಟುಂಬಗಳು ಅರ್ಜಿ ಬರೆದು ಕೇಳುವುದು ಯಾವಾಗ?

ಈಗ ಹಾಜರಿ ಪುಸ್ತಕವನ್ನು ತೆರೆಯೋಣ. ಜೂನ್‌ನಿಂದ ಆಗಸ್ಟ್‌ವರೆಗಿನ ಪುಟಗಳಲ್ಲಿ ಕಾಣುವುದು ಮಳೆ. ಭಾಗಮಂಡಲ, ಸಂಪಾಜೆ, ಶಾಂತಳ್ಳಿಯ ಕಡೆಗಳಲ್ಲಿ ಕಕ್ಕಡದ ಮಳೆ ಹಿಡಿದರೆ ಜಿಲ್ಲಾಧಿಕಾರಿಗಳು ಅಂಗನವಾಡಿಗಳಿಗೂ ಶಾಲೆಗಳಿಗೂ ರಜೆ ಘೋಷಿಸುತ್ತಾರೆ, ಅದು ಸರಿಯೇ. ಆದರೆ ಘೋಷಣೆಯಿಲ್ಲದ ದಿನಗಳಲ್ಲೂ ತೋಡು ಉಕ್ಕಿದರೆ, ಗದ್ದೆಯ ಅಂಚಿನ ಮರದ ಪಾಲ (ಕಾಲುಸೇತುವೆ) ಜಾರಿದರೆ ಮೂರು ವರ್ಷದ ಮಗುವನ್ನು ಯಾರೂ ಕಳುಹಿಸುವುದಿಲ್ಲ. ಸಿದ್ದಾಪುರ, ತಿತಿಮತಿಯ ಸುತ್ತಮುತ್ತಲಿನ ಪುಟಗಳಲ್ಲಿ ಆನೆ ಕಾಣುತ್ತದೆ. ತೋಟದೊಳಗೆ ಆನೆ ನಿಂತಿದೆ ಎಂಬ ಸುದ್ದಿ ಬಂದ ಬೆಳಿಗ್ಗೆ ಹಾಜರಿ ಖಾಲಿಯಾಗಿರುತ್ತದೆ, ಟೀಚರ್ ಕೂಡ ಸುತ್ತು ದಾರಿ ಹಿಡಿದು ಬಂದಿರುತ್ತಾರೆ. ನವೆಂಬರಿನಿಂದ ಮಾರ್ಚಿಯವರೆಗಿನ ಪುಟಗಳು ಕಾಫಿಯವು. ಅರೇಬಿಕಾ ಹಣ್ಣಾಗತೊಡಗಿದಾಗ ಪಿಕ್ಅಪ್ ಗಾಡಿಗಳು ಬೆಳಿಗ್ಗೆ ಏಳಕ್ಕೆ, ಕೆಲವೊಮ್ಮೆ ಅದಕ್ಕೂ ಮುಂಚೆ, ಕೆಲಸದವರನ್ನು ತುಂಬಿಕೊಂಡು ಹೋಗುತ್ತವೆ. ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಈ ಎರಡೂವರೆ ಗಂಟೆಯಲ್ಲಿ ಮಗು ಎಲ್ಲಿರಬೇಕು? ಮನೆಯಲ್ಲಿ ಅಜ್ಜಿ ಇದ್ದರೆ ಅಜ್ಜಿಯೊಡನೆ, ಇಲ್ಲದಿದ್ದರೆ ಅಮ್ಮನೊಡನೆ ತೋಟಕ್ಕೆ, ಅಲ್ಲಿ ಕಾಫಿ ಗಿಡದ ನೆರಳಿನಲ್ಲಿ ಹಾಸಿದ ಚೀಲದ ಮೇಲೆ. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಮುಂದೆ ‘ಗೈ’ (ಗೈರುಹಾಜರಿ) ಎಂದು ಬೀಳುತ್ತದೆ, ವರ್ಷದ ಕೊನೆಗೆ ಆ ಕೇಂದ್ರದ ಶಾಲಾಪೂರ್ವ ಶಿಕ್ಷಣ ‘ತೃಪ್ತಿಕರವಲ್ಲ’ ಎಂಬ ಷರಾ ಬೀಳುತ್ತದೆ. ಅಂಥ ಷರಾಗಳನ್ನು ನಾನೂ ಬರೆದಿದ್ದೇನೆ, ಈಗ ಒಪ್ಪಿಕೊಳ್ಳುತ್ತೇನೆ.

ಇದಕ್ಕೆ ಕಾನೂನಿನಲ್ಲಿ ಉತ್ತರ ಇಲ್ಲದೇ ಇರಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ, ಇಲ್ಲವೇ ಅವರ ಮಕ್ಕಳು 20 ಅಥವಾ ಹೆಚ್ಚಿರುವ ತೋಟದಲ್ಲಿ ಮಾಲೀಕರು ಶಿಶುವಿಹಾರ ನಡೆಸಬೇಕಿತ್ತು. ಗುತ್ತಿಗೆದಾರರ ಮೂಲಕ ಬಂದವರೂ ಈ ಲೆಕ್ಕಕ್ಕೆ ಸೇರುತ್ತಿದ್ದರು. ಕೊಡಗಿನಲ್ಲಿ ದೊಡ್ಡ ಕಂಪನಿ ತೋಟಗಳೂ ಇವೆ, ಆದರೆ ಇಲ್ಲಿಯ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಅವರ ತೋಟದಲ್ಲಿ ಒಂದೇ ಸಮಯಕ್ಕೆ 50 ಹೆಂಗಸರು ದುಡಿಯುವುದಿಲ್ಲ. ಹತ್ತು ತೋಟಗಳಲ್ಲಿ ಐದೈದು ಮಕ್ಕಳಿದ್ದರೆ ಕಾಯ್ದೆಯ ಕಣ್ಣಿಗೆ ಒಂದು ಮಗುವೂ ಬೀಳದು. ಆದ್ದರಿಂದ ನಮ್ಮಲ್ಲಿ ಶಿಶುವಿಹಾರದ ಕೆಲಸವನ್ನೂ ಅಂಗನವಾಡಿಯೇ ಮಾಡಬೇಕೆಂಬ ನಿರೀಕ್ಷೆ ಬೆಳೆಯಿತು, ಅದಕ್ಕೆ ಬೇಕಾದ ಸಮಯವನ್ನಾಗಲಿ ಜನರನ್ನಾಗಲಿ ಯಾರೂ ಕೊಡಲಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಹೊರಟದ್ದು ಒಳ್ಳೆಯ ಹೆಜ್ಜೆ, ಆದರೆ ಅದನ್ನು ಕಲ್ಪಿಸಿದ್ದು ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ತಾಯಂದಿರ ಕೆಲಸ ಕಾಫಿ ತೋಟದಲ್ಲಿ.

ಅಂಗನವಾಡಿ ಎಂದರೆ ಏನೆಂಬುದನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮಗೆ ದೂರವಲ್ಲದ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಸೇವೆಗಳು ಅಂದಿನಿಂದಲೂ ಒಬ್ಬ ಕಾರ್ಯಕರ್ತೆಯ ಮತ್ತು ಒಬ್ಬ ಸಹಾಯಕಿಯ ಹೆಗಲ ಮೇಲಿವೆ. ಹಾಲು, ಮೊಟ್ಟೆ, ‘ಪುಷ್ಟಿ’ ಆಹಾರದ ಪುಡಿ ಹಂಚಿದ್ದಕ್ಕೆ ಲೆಕ್ಕ ಕೊಡಬೇಕು. ಎತ್ತರ ತೂಕ ಅಳೆದು ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಏರಿಸಬೇಕು. ನೆಟ್‌ವರ್ಕ್ ಸಿಗದಿದ್ದರೆ ಸಿಗುವ ದಿಬ್ಬಕ್ಕೆ ನಡೆದು ಹೋಗಬೇಕು. ಮಗುವಿಗೆ ಹೇಳಿದ ಕಥೆಗೆ, ಆಡಿಸಿದ ಆಟಕ್ಕೆ ಲೆಕ್ಕ ಕೇಳುವವರಿಲ್ಲ. ಲೆಕ್ಕ ಕೇಳುವ ಕೆಲಸಗಳು ಲೆಕ್ಕ ಕೇಳದ ಕೆಲಸವನ್ನು ತಿಂದುಹಾಕುವುದು ಎಲ್ಲ ಇಲಾಖೆಗಳ ಕಥೆ. ಆದರೆ ಇಲ್ಲಿ ತಿನ್ನಿಸಿಕೊಂಡದ್ದು ಮೂರರಿಂದ ಆರರವರೆಗಿನ, ಮತ್ತೆ ಬಾರದ ವಯಸ್ಸು. ಇಷ್ಟೆಲ್ಲ ಮಾಡುವವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲಿನಲ್ಲಿ, ಯೋಜನೆ ಶುರುವಾಗಿ 46 ವರ್ಷಗಳು ಕಳೆದ ಮೇಲೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಕೊಡಗಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಈ ಜಿಲ್ಲೆಯಲ್ಲಿ ಯಾವ ಒಂದು ಭಾಷೆಯೂ ಅರ್ಧದಷ್ಟು ಜನರ ತಾಯ್ನುಡಿಯಲ್ಲ. ಕನ್ನಡ, ಮಲಯಾಳಂ, ಕೊಡವ ತಕ್ಕ್, ಅರೆಭಾಷೆ, ತುಳು, ತಮಿಳು, ಬ್ಯಾರಿ, ಎರವರ ರಾವುಳ, ಜೇನುಕುರುಬರ ನುಡಿ, ಕುಡಿಯರ ಮಾತು. ಇವುಗಳ ಜೊತೆಗೆ ಈಗ ಅಸ್ಸಾಮಿ ಮತ್ತು ಬಂಗಾಳಿ. ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಹತ್ತಕ್ಕಿಂತ ಹೆಚ್ಚು, ಅಂದರೆ ರಾಜ್ಯದ ಸರಾಸರಿಯ ಸುಮಾರು ಒಂದೂವರೆ ಪಟ್ಟು. ಅವರಲ್ಲಿ ಬಹುತೇಕರು ದಕ್ಷಿಣ ಕೊಡಗಿನ ಹಾಡಿಗಳಲ್ಲಿ, ಲೈನ್ ಮನೆಗಳಲ್ಲಿ, ಪೈಸಾರಿಗಳಲ್ಲಿ (ಸರ್ಕಾರಿ ಪಾಳು ಜಾಗಗಳಲ್ಲಿ) ಇರುವವರು. ಹೀಗಿರುವಾಗ ಒಂದು ಅಂಗನವಾಡಿಯಲ್ಲಿ ಟೀಚರ ಮನೆಮಾತು ಅರೆಭಾಷೆ, ಸಹಾಯಕಿಯದು ಮಲಯಾಳಂ, ಮಕ್ಕಳಲ್ಲಿ ಅರ್ಧ ಜನ ಎರವರು, ಗೋಡೆಯ ಚಾರ್ಟು ಮತ್ತು ‘ಚಿಲಿಪಿಲಿ’ ಪುಸ್ತಕ ಕನ್ನಡದ್ದು ಎಂಬ ಸ್ಥಿತಿ ಅಪರೂಪವೇನಲ್ಲ.

ವಿರಾಜಪೇಟೆ ಕಡೆಯ ಒಂದು ಹಾಡಿಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನಿದ್ದ. ನಾನು ಹೋದಾಗಲೆಲ್ಲ ಮೂಲೆಯಲ್ಲಿ ಕೂತು ನೋಡುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಚಿತ್ರ ತೋರಿಸಿ ‘ಇದೇನು?’ ಎಂದರೆ ಉತ್ತರವಿಲ್ಲ. ಅವನ ಬೆಳವಣಿಗೆಯ ಕಾರ್ಡಿನಲ್ಲಿ ಭಾಷೆಯ ಸಾಲು ಖಾಲಿಯಿತ್ತು. ಒಂದು ದಿನ ಅವನ ತಾಯಿ ಬಂದಾಗ ಟೀಚರ್ ಅದನ್ನೇ ಹೇಳಿದರು. ತಾಯಿ ನಕ್ಕು, ‘ಟೀಚರೇ, ಮನೇಲಿ ಇವನ ಬಾಯಿ ಮುಚ್ಚಿಸೋಕೆ ಆಗಲ್ಲ’ ಎಂದರು. ಬಳಿಕ ಅಂಗಳದಲ್ಲಿ ಅವನು ಅಕ್ಕನಿಗೆ ತನ್ನ ಮಾತಿನಲ್ಲಿ, ಕೈ ಬೀಸಿ, ಯಾವುದೋ ಹಕ್ಕಿಯ ಕೂಗನ್ನೂ ಅನುಕರಿಸುತ್ತ ಏನನ್ನೋ ವಿವರಿಸುತ್ತಿದ್ದುದನ್ನು ನಾವಿಬ್ಬರೂ ನಿಂತು ನೋಡಿದೆವು. ಅರ್ಥವಾಗದೇ ಹೋದದ್ದು ನಮಗೆ. ಕಾರ್ಡಿನಲ್ಲಿ ಹಿಂದುಳಿದವನು ಅವನು. ಮನೆಮಾತಿನಲ್ಲಿ ಕಥೆ ಕಟ್ಟಬಲ್ಲ ಮಗು ಕನ್ನಡದಲ್ಲಿ ಮೌನವಾಗಿದ್ದರೆ ಅದು ಹೊಸ ಭಾಷೆಯನ್ನು ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಕೆಲವು ಮಕ್ಕಳು ತಿಂಗಳುಗಟ್ಟಲೆ ಹೀಗೆ ಕೇಳಿಸಿಕೊಂಡೇ ಒಂದು ದಿನ ಮಾತು ಆರಂಭಿಸುತ್ತಾರೆ. ಇದನ್ನು ಬುದ್ಧಿಯ ಕೊರತೆಯೆಂದು ಬರೆದಿಟ್ಟರೆ ಒಂದನೇ ತರಗತಿಯ ಶಿಕ್ಷಕರು ಆ ಬರಹವನ್ನು ನಂಬುತ್ತಾರೆ.

ಹೊಸ ಶಿಕ್ಷಣ ನೀತಿ 2020ರಲ್ಲಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. ಅದರಂತೆ 2022ರ ಅಕ್ಟೋಬರಿನಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಈ ವಯಸ್ಸಿನಲ್ಲಿ ಕಲಿಕೆಯ ಮಾಧ್ಯಮ ಆದಷ್ಟು ಮನೆಮಾತೇ ಆಗಿರಬೇಕು, ಚಿಕ್ಕ ಮಕ್ಕಳಿಗೆ ಪರೀಕ್ಷೆಗಳು ಸಲ್ಲವು, ಮಗುವನ್ನು ಗಮನಿಸಿ ಅದರ ಬೆಳವಣಿಗೆಯನ್ನು ದಾಖಲಿಸಬೇಕು ಎಂದು ಹೇಳುತ್ತದೆ. ನೀತಿಯ ಉಳಿದ ಅಂಶಗಳ ಬಗ್ಗೆ ಇಲ್ಲಿ ವಾದಕ್ಕಿಳಿಯಲಾರೆ, ಆದರೆ ಈ ಮೂರು ಮಾತುಗಳಲ್ಲಿ ತಪ್ಪು ಹುಡುಕುವುದು ಕಷ್ಟ. ನಮ್ಮ ನೆರೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ನಲಿ ಕಲಿ ಎಂಬ ಕಲಿಕಾ ವಿಧಾನ ಕೂಡ, ಮಗು ತನ್ನ ವೇಗದಲ್ಲಿ ಏಣಿ ಹತ್ತಲಿ, ನಾಲ್ಕು ದಿನ ಬಾರದೆ ಹೋದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲಿ ಎಂಬ ತಿಳಿವಳಿಕೆಯ ಮೇಲೆ ನಿಂತದ್ದು. ಕಾಡಿನ ಆಚೆ ಬದಿಯ ಹಾಡಿಗಳ ಮಕ್ಕಳಿಗೆ ಒಗ್ಗಿದ ಆ ತಿಳಿವಳಿಕೆ ಈಚೆ ಬದಿಯ ಅಂಗನವಾಡಿಗಳಿಗೂ ಒಗ್ಗುತ್ತದೆ. ಹೊರಡುವ ಮಕ್ಕಳು, ಮರಳುವ ಮಕ್ಕಳು ಇರುವಲ್ಲಿ ಎಲ್ಲರಿಗೂ ಒಂದೇ ದಿನ ಒಂದೇ ಪಾಠ ಎಂಬ ಕ್ರಮ ನಡೆಯುವುದಿಲ್ಲ.

ಸಂಖ್ಯೆಗಳನ್ನು ಓದುವ ಬಗೆಯ ಕುರಿತು ಒಂದು ಎಚ್ಚರಿಕೆ. ನಮ್ಮಲ್ಲಿ ಎಂಟು, ಹತ್ತು ಮಕ್ಕಳ ಕೇಂದ್ರಗಳು ಬಹಳ. ಎಂಟು ಮಕ್ಕಳಿರುವಲ್ಲಿ ಇಬ್ಬರು ಮಕ್ಕಳ ಒಂದು ಕುಟುಂಬ ಶುಂಠಿ ಹೊಲದ ಕೆಲಸಕ್ಕೆ ಹುಣಸೂರಿನ ಕಡೆಗೆ ಹೋಯಿತೆಂದರೆ ಹಾಜರಿ ಒಂದೇ ದಿನದಲ್ಲಿ ನೂರಕ್ಕೆ 25 ಇಳಿಯುತ್ತದೆ. ಆ ಇಳಿಕೆಗೆ ಟೀಚರಿಂದ ಕಾರಣ ಕೇಳುವುದು ಅನ್ಯಾಯ. ಹಾಗೆಯೇ ಪೇಟೆಯ ಖಾಸಗಿ ಎಲ್‌ಕೆಜಿಯೊಡನೆ ಹೋಲಿಕೆ. ಅಲ್ಲಿ ಶುಲ್ಕ ಕಟ್ಟಬಲ್ಲ, ಗಾಡಿಯಲ್ಲಿ ಬಿಟ್ಟು ಬರಬಲ್ಲ, ಮನೆಯಲ್ಲಿ ಪುಸ್ತಕವಿರುವ ಕುಟುಂಬಗಳ ಮಕ್ಕಳು ಸೇರಿರುತ್ತಾರೆ; ವರ್ಷದ ಕೊನೆಗೆ ಅವರು ಮುಂದಿರುವುದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬುದನ್ನು ಆ ಹೋಲಿಕೆ ಹೇಳಲಾರದು. ಈ ಗೊಂದಲವನ್ನು ಬಿಡಿಸಲೆಂದೇ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಿಂದ ಪೆರ್ರಿ ಪ್ರೀಸ್ಕೂಲ್ ಎಂಬ ಪ್ರಯೋಗ ನಡೆಯಿತು. ಬಡ ಕುಟುಂಬಗಳ 123 ಮಕ್ಕಳನ್ನು ಎರಡು ಗುಂಪು ಮಾಡಿ 58 ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಟ್ಟು, ಉಳಿದ 65 ಮಂದಿಗೆ ಕೊಡದೆ, ಎರಡೂ ಗುಂಪುಗಳನ್ನು ದಶಕಗಳ ಕಾಲ ಹಿಂಬಾಲಿಸಿದರು. ಬುದ್ಧಿ ಪರೀಕ್ಷೆಯಲ್ಲಿ ಮೊದಲಿಗೆ ಕಂಡ ಏರಿಕೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ಶಾಲೆಗೆ ಹೋದ ಗುಂಪಿನವರು ಮುಂದೆ ಹೆಚ್ಚು ಸಂಖ್ಯೆಯಲ್ಲಿ ಪ್ರೌಢಶಾಲೆ ಮುಗಿಸಿದರು, ದುಡಿಮೆಯಲ್ಲಿ ನೆಲೆ ಕಂಡರು. ಆ ದೇಶವೇ ಬೇರೆ, ಅಲ್ಲಿಯ ಶಿಕ್ಷಕರಿಗಿದ್ದ ತರಬೇತಿಯೂ ಬೇರೆ. ಅದನ್ನು ನಮಗೆ ಹಾಗೆಯೇ ಅನ್ವಯಿಸುವುದು ಸಲ್ಲ. ಆದರೂ ಆರನೆಯ ವಯಸ್ಸಿನಲ್ಲಿ ಅಕ್ಷರ ಎಷ್ಟು ಗೊತ್ತು ಎಂದು ಮಾತ್ರ ಕೇಳುವವರು ಆ ಪ್ರಯೋಗವನ್ನು ನಡುವಿನಲ್ಲೇ ನಿಲ್ಲಿಸಿ ಸೋತಿತೆಂದು ಬರೆದುಬಿಡುತ್ತಿದ್ದರು.

ಜನವಸತಿ ಬದಲಾದಾಗ ಕೇಂದ್ರಗಳು ಹಿಂದೆ ಬೀಳುತ್ತವೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಗಳಿವೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಮನೆಗಳಾದವು. ದಿಡ್ಡಳ್ಳಿಯಿಂದ 2016ರ ಡಿಸೆಂಬರಿನಲ್ಲಿ ತೆರವಾದ ಆದಿವಾಸಿ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಸಿಕ್ಕಿತು. ಒಂದೇ ಬಾರಿಗೆ ನೂರಾರು ಮನೆಗಳು ಒಂದೆಡೆ ಬಂದರೆ ಒಂದೇ ಬಾರಿಗೆ ಹತ್ತಾರು ಸಣ್ಣ ಮಕ್ಕಳೂ ಬರುತ್ತಾರೆ. ಅವರು ಬಿಟ್ಟುಬಂದ ಊರುಗಳಲ್ಲಿ ಅಂಗನವಾಡಿಯ ಕಟ್ಟಡ ಉಳಿಯುತ್ತದೆ, ಮಕ್ಕಳು ಉಳಿಯುವುದಿಲ್ಲ. ಹೊಸ ಬಡಾವಣೆಯ ನಕಾಶೆಯಲ್ಲಿ ರಸ್ತೆ, ನೀರಿನ ಟ್ಯಾಂಕುಗಳ ಜೊತೆಗೆ ಅಂಗನವಾಡಿಗೂ ಮೊದಲ ದಿನವೇ ಜಾಗವಿರಬೇಕೆಂದು ಪಂಚಾಯಿತಿಯ ಸದಸ್ಯರು ಪಟ್ಟು ಹಿಡಿಯಬೇಕು.

ಪಂಚಾಯಿತಿಯವರ ಮುಂದೆ ನನ್ನ ಇನ್ನೆರಡು ಬೇಡಿಕೆಗಳಿವೆ, ಎರಡಕ್ಕೂ ಹೆಚ್ಚು ಹಣ ಬೇಡ. ದಾಖಲಾತಿ ಪುಸ್ತಕದಲ್ಲಿ ಜಾತಿ, ಜನ್ಮದಿನಾಂಕಗಳ ಪಕ್ಕದಲ್ಲಿ ‘ಮನೆಯ ಮಾತು’ ಎಂಬ ಒಂದು ಅಂಕಣ ಸೇರಲಿ. ಸಹಾಯಕಿಯ ಹುದ್ದೆ ಖಾಲಿಯಾದಾಗ ಆ ಮಾತು ಬಲ್ಲ ಹಾಡಿಯ ಹೆಣ್ಣುಮಗಳು ಅರ್ಜಿ ಹಾಕುವಂತೆ ಸುದ್ದಿ ಅಲ್ಲಿಯವರೆಗೆ ಮುಟ್ಟಲಿ. ಎರಡನೆಯದು, ಕುಯ್ಲಿನ ತಿಂಗಳುಗಳಲ್ಲಿ ತೋಟದ ರೈಟರ್ (ಲೆಕ್ಕ ಬರೆಯುವವರು) ಮತ್ತು ಮೇಸ್ತ್ರಿಗಳಿಂದ ಪ್ರತಿ ಹದಿನೈದು ದಿನಕ್ಕೊಮ್ಮೆ ಲೈನ್ ಮನೆಗಳ ಮಕ್ಕಳ ಪಟ್ಟಿ ಪಡೆಯುವುದು. ಹೊರಗಿನಿಂದ ಬಂದ ಕುಟುಂಬದ ಮಗುವಿಗೆ ಇಲ್ಲಿಯ ದಾಖಲೆ ಇಲ್ಲವೆಂಬ ಕಾರಣಕ್ಕೆ ಹಾಲು, ಮೊಟ್ಟೆ ತಪ್ಪಬಾರದು. ಹಾಡು, ಆಟವಂತೂ ತಪ್ಪಲೇಬಾರದು. ಬೆಳೆಗಾರರು ಇದನ್ನು ತನಿಖೆಯೆಂದು ಭಾವಿಸದಂತೆ ಮಾತನಾಡುವ ಜಾಣ್ಮೆ ಪಂಚಾಯಿತಿಯವರಿಗೆ ಇದೆ, ಚುನಾವಣೆಯ ಹೊತ್ತಿನಲ್ಲಿ ನಾವು ಅದನ್ನು ನೋಡಿದ್ದೇವೆ.

ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ವಿಚಾರದಲ್ಲಿ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದು ಪ್ರತಿಭಟಿಸಿದ್ದು ತಮಗೆ ನೆನಪಿರಬಹುದು. ನಾಲ್ಕು ತುಂಬಿದ ಮಕ್ಕಳು ಶಾಲೆಗೆ ಹೋದರೆ ಕೇಂದ್ರದಲ್ಲಿ ಉಳಿಯುವವರಾರು ಎಂಬ ಅವರ ಅಂಜಿಕೆ ಹುರುಳಿಲ್ಲದ್ದಲ್ಲ. ಕೊಡಗಿನ ಮಟ್ಟಿಗೆ ನನ್ನ ತೀರ್ಮಾನ ಬೇರೆ ಕಾರಣದಿಂದ ಅವರ ಪರವಾಗಿದೆ: ಶಾಲೆ ಮೂರು ಕಿಲೋಮೀಟರ್ ದೂರ, ಅಂಗನವಾಡಿ ಹಾಡಿಯ ಒಳಗೆ. ನಾಲ್ಕು ವರ್ಷದ ಮಗು ಆನೆದಾರಿಯಲ್ಲಿ ಮೂರು ಕಿಲೋಮೀಟರ್ ನಡೆಯಲಾರದು.

ಉಪನ್ಯಾಸದ ಬಳಿಕ ಪೋಷಕರೊಬ್ಬರು ಒಂದನೇ ತರಗತಿಯ ವಯಸ್ಸಿನ ಬಗ್ಗೆ ಕೇಳಿದರು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025–26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದು, ಯುಕೆಜಿ ಮುಗಿಸಿದ ಮಕ್ಕಳ ಪೋಷಕರ ಒತ್ತಾಯದಿಂದ. ಅವರ ಸಂಕಟ ನಿಜವಾದದ್ದೇ. ಆದರೆ ಹಾಡಿಯ ಮಗುವಿನ ಲೆಕ್ಕ ಬೇರೆ ಎಂದು ಅವರಿಗೆ ಹೇಳಿದೆ. ಜುಲೈಯಲ್ಲಿ ಹುಟ್ಟಿದ ಮಗು ಆ ನಿಯಮದಿಂದ ಅಂಗನವಾಡಿಯಲ್ಲಿ ಇನ್ನೊಂದು ವರ್ಷ ಉಳಿಯುತ್ತದೆ. ಮಳೆ, ಆನೆ, ಕುಯ್ಲುಗಳಿಗೆ ಹೋದ ದಿನಗಳನ್ನು ಕಳೆದರೆ ಅದಕ್ಕೆ ಈವರೆಗೆ ಸಿಕ್ಕಿದ್ದು ಎರಡು ವರ್ಷದ ಕಲಿಕೆಯಲ್ಲ, ಒಂದು ವರ್ಷದ್ದೂ ಇರಲಿಕ್ಕಿಲ್ಲ. ಆ ಹೆಚ್ಚುವರಿ ವರ್ಷದಲ್ಲಿ ಟೀಚರ್ ಅದಕ್ಕೆ ಏನು ಮಾಡಿಸಬೇಕೆಂಬುದಕ್ಕೆ ಈಗ ಕೈಯಲ್ಲಿರುವ ಪುಸ್ತಕ ಸಾಲದು. ಆ ಪೋಷಕರು ಸ್ವತಃ ನಿವೃತ್ತ ಶಿಕ್ಷಕರು. ಬರುವ ಹುತ್ತರಿಯ ನಂತರ ವಾರಕ್ಕೆರಡು ದಿನ ತಮ್ಮ ಊರಿನ ಅಂಗನವಾಡಿಗೆ ಹೋಗಿ ದೊಡ್ಡ ಮಕ್ಕಳೊಡನೆ ಕೂರುತ್ತೇನೆ, ಟೀಚರ್ ಒಪ್ಪಿದರೆ, ಎಂದರು. ಟೀಚರ್ ಅದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಮಂಗಳವಾರ ಬೇಡ, ಅಂದು ತೂಕ ನೋಡುವ ಕೆಲಸವಿರುತ್ತದೆ ಎಂದರು.